ಕಾಲೇಜು ಊರಿಗೆ ಬಂತು, ಊರು ಕಾಲೇಜಿಗೆ ಬಂತೇ?

ಗುರುಮಠಕಲ್ ಸುತ್ತಿನ ಹಳೆಯ ಮನೆಗಳಲ್ಲಿ ಟ್ರಂಕಿನ ತಳಕ್ಕೆ ಕೈ ಹಾಕಿದರೆ ಒಂದಿಲ್ಲೊಂದು ಉರ್ದು ಕಾಗದ ಸಿಗುತ್ತದೆ. ನಿಜಾಮರ ಕಾಲದ ಹೊಲದ ಕಾಗದ. ಮುತ್ತಜ್ಜನ ಹೆಬ್ಬೆಟ್ಟು ಬಿದ್ದಿರುತ್ತದೆ, ಆದರೆ ಏನು ಬರೆದಿದೆ ಎಂದು ಮುತ್ತಜ್ಜನಿಗೂ ಗೊತ್ತಿರಲಿಲ್ಲ, ಮೊಮ್ಮಕ್ಕಳಿಗೂ ಗೊತ್ತಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರು ಬಂದಾಗ ಆ ಕಾಗದ ಹೊರಗೆ ಬರುತ್ತದೆ. ಆಮೇಲೆ ಅದನ್ನು ಓದಬಲ್ಲವರನ್ನು ಹುಡುಕುತ್ತ ಯಾದಗಿರಿಗೋ ಕಲಬುರಗಿಗೋ ಹೋಗಬೇಕು.

ಹೊಲ ನಮ್ಮದು, ಬೆವರು ನಮ್ಮದು, ಕಾಗದ ಮಾತ್ರ ಬೇರೆಯವರ ಕೈಯಲ್ಲಿ. ನಮ್ಮ ಭಾಗದ ಶಿಕ್ಷಣದ ಚರಿತ್ರೆಯನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು ಎಂದು ನಮಗೆ ಒಮ್ಮೊಮ್ಮೆ ಅನಿಸುತ್ತದೆ.

ನಾವು ಪತ್ರಿಕೋದ್ಯಮ ಓದಿ ಊರ ಸುದ್ದಿ ಬರೆಯಲು ಕುಳಿತವರು. ಸಮುದಾಯ ಕಾಲೇಜು ಎಂಬ ಮಾತು ಸರ್ಕಾರದ ಕಾಗದಗಳಲ್ಲಿ ಹಲವು ವರ್ಷಗಳಿಂದ ಓಡಾಡುತ್ತಿದೆ. ಹಾಗೆಂದರೇನು, ಅದರ ಗುರಿ ಏನು, ಅದು ಎಲ್ಲಿಂದ ಬಂತು, ನಮ್ಮ ಗುರುಮಠಕಲ್ ಸೀಮೆಗೆ ಅದರಿಂದ ಏನಾದರೂ ಆಗಬಹುದೇ ಎಂದು ಈ ಸಲ ಹಳೆಯ ಲೆಕ್ಕ ತೆಗೆದು ನೋಡೋಣ.

ಸಮುದಾಯ ಕಾಲೇಜು ಅಂದರೇನು?

ಮೊದಲು ಹೆಸರು ಬಂದ ದಾರಿ. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಒಂದು ಸಣ್ಣ ಕಾಲೇಜು ಶುರುವಾಯಿತು. ಹೈಸ್ಕೂಲು ಮುಗಿಸಿದ ಮಕ್ಕಳು ದೂರದ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಎರಡು ವರ್ಷ ತಮ್ಮ ಊರಿನಲ್ಲೇ ಓದಲಿ ಎಂಬುದು ಅದರ ಉದ್ದೇಶ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಾವಿರಾರು ಸೈನಿಕರು ಮನೆಗೆ ಮರಳಿದರು. ಅವರಿಗೆ ಓದೂ ಬೇಕಿತ್ತು, ಕೆಲಸವೂ ಬೇಕಿತ್ತು. ಆಗ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಇಂಥ ಕಾಲೇಜುಗಳು ದೇಶದ ತುಂಬ ಬರಬೇಕು ಎಂದಿತು. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಎಲ್ಲರ ಬಾಯಿಗೆ ಬಂದದ್ದು ಆಗಲೇ.

ಈ ಕಾಲೇಜಿನ ಗುರಿಗಳನ್ನು ನಮ್ಮ ಮಾತಿನಲ್ಲಿ ನಾಲ್ಕಾಗಿ ಹೇಳಬಹುದು.

ಒಂದು, ಮನೆಗೆ ಹತ್ತಿರ ಇರಬೇಕು, ಖರ್ಚು ಕಡಿಮೆ ಇರಬೇಕು.

ಎರಡು, ಬಾಗಿಲು ಅಗಲ ಇರಬೇಕು. ನಡುವೆ ಓದು ಬಿಟ್ಟವರು, ಮದುವೆಯಾದವರು, ಕೂಲಿ ಮಾಡುವವರು, ನಲವತ್ತು ದಾಟಿದವರು ಎಲ್ಲರೂ ಒಳಗೆ ಬರುವಂತಿರಬೇಕು.

ಮೂರು, ಅಲ್ಲಿ ಕಲಿಸುವ ವಿದ್ಯೆ ಆ ಸೀಮೆಯ ಬದುಕಿಗೆ ಕೂಡಿಕೊಳ್ಳಬೇಕು. ಯಾವ ಕೋರ್ಸು ಇರಬೇಕು ಎಂದು ತೀರ್ಮಾನಿಸುವಾಗ ಊರಿನ ಮಾತೂ ನಡೆಯಬೇಕು.

ನಾಲ್ಕು, ಅಲ್ಲಿಂದ ಮೇಲಕ್ಕೆ ಹೋಗುವ ದಾರಿ ಇರಬೇಕು. ಆರು ತಿಂಗಳ ಸರ್ಟಿಫಿಕೇಟ್ ಮಾಡಿದವರು ಮುಂದೆ ಡಿಪ್ಲೊಮಾ, ಡಿಗ್ರಿ ಮಾಡಬೇಕೆಂದರೆ ಮತ್ತೆ ಒಂದನೇ ಮೆಟ್ಟಿಲಿನಿಂದ ಶುರು ಮಾಡುವಂತಿರಬಾರದು.

ಈ ನಾಲ್ಕನ್ನೂ ನೆನಪಿನಲ್ಲಿಡಿ. ನಮ್ಮ ಸೀಮೆಯಲ್ಲಿ ವಿದ್ಯೆಯ ಮನೆಗಳು ಮೊದಲಿನಿಂದಲೂ ಇದ್ದವು. ಒಂದೊಂದನ್ನೂ ಈ ನಾಲ್ಕರ ತಕ್ಕಡಿಯಲ್ಲಿ ತೂಗುತ್ತ ಹೋಗೋಣ.

ಸಾವಿರ ವರ್ಷದ ಹಿಂದಿನ ಕಾಲೇಜು

ಚಿತ್ತಾಪುರದ ಹತ್ತಿರ ನಾಗಾವಿ ಇದೆ. ಯಲ್ಲಮ್ಮನ ಜಾತ್ರೆಗೆ ಹೋದವರು ಅಲ್ಲಿನ ಹಳೆಯ ಕಲ್ಲಿನ ಕಂಬಗಳನ್ನು ನೋಡಿರುತ್ತೀರಿ. ಅದು ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ. 1058ರ ಶಾಸನವೊಂದು ಅದರ ವಿವರ ಕೊಡುತ್ತದೆ. ಒಂದನೇ ಸೋಮೇಶ್ವರನ ಆಳ್ವಿಕೆ, ಅವನ ಅಧಿಕಾರಿ ಮಧುಸೂದನ ಕಟ್ಟಿಸಿದ ವಿದ್ಯಾಮಂದಿರ. ವೇದ ಓದುವವರು ಇನ್ನೂರು ಜನ, ಶಾಸ್ತ್ರ ಓದುವವರು ಸುಮಾರು ಐವತ್ತು ಜನ. ಅವರಿಗೆ ಊಟ, ಇರಲು ಜಾಗ, ಕಲಿಸುವವರಿಗೆ ಭೂಮಿಯ ಉಂಬಳಿ. ಪುಸ್ತಕ ಭಂಡಾರವನ್ನು ನೋಡಿಕೊಳ್ಳಲು ಆರು ಜನ ‘ಸರಸ್ವತೀ ಭಂಡಾರಿಗ’ರು. ಈಗಿನ ಮಾತಿನಲ್ಲಿ ಹೇಳಬೇಕೆಂದರೆ ಆರು ಜನ ಲೈಬ್ರರಿಯನ್ನರು.

ಇಂದು ನಮ್ಮ ಎಷ್ಟು ಕಾಲೇಜುಗಳಲ್ಲಿ ಒಬ್ಬರಾದರೂ ಕಾಯಂ ಗ್ರಂಥಪಾಲಕರಿದ್ದಾರೆ ಎಂದು ಕೇಳಿಕೊಂಡರೆ ನಾಗಾವಿಯ ಬಗ್ಗೆ ಹೆಮ್ಮೆ ಬಾರದೆ ಇರದು. ಖರ್ಚಿನ ವ್ಯವಸ್ಥೆಯೂ ಗಟ್ಟಿಯಾಗಿತ್ತು. ಭೂಮಿಯ ಆದಾಯವನ್ನು ಶಾಶ್ವತವಾಗಿ ಬರೆದುಕೊಟ್ಟಿದ್ದರಿಂದ ವರ್ಷ ವರ್ಷ ಯಾರ ಮುಂದೆಯೂ ಕೈ ಚಾಚಬೇಕಾಗಿರಲಿಲ್ಲ.

ಆದರೆ ತಕ್ಕಡಿಯ ಎರಡನೇ ಬಟ್ಟಿನಲ್ಲಿ ನಾಗಾವಿ ಸೋಲುತ್ತದೆ. ಆ ಇನ್ನೂರೈವತ್ತು ಜನರಲ್ಲಿ ಹೊಲ ಉಳುವವರ ಮಕ್ಕಳಿರಲಿಲ್ಲ, ನೇಯುವವರ ಮಕ್ಕಳಿರಲಿಲ್ಲ, ಹೆಣ್ಣುಮಕ್ಕಳಿರಲಿಲ್ಲ. ಉಂಬಳಿ ಹೊಲದಲ್ಲಿ ದುಡಿದವರ ಬೆಳೆಯಿಂದ ಊಟ ಬಂತು, ಆ ದುಡಿದವರಿಗೆ ಒಳಗೆ ಜಾಗ ಇರಲಿಲ್ಲ. ಕಾಲೇಜು ಸೀಮೆಯಲ್ಲಿತ್ತು, ಸೀಮೆಯ ಜನರದ್ದಾಗಿರಲಿಲ್ಲ.

ಅದಕ್ಕೆ ಉತ್ತರ ನಮ್ಮ ಸೀಮೆಯಿಂದಲೇ ಬಂತು ಎಂಬುದು ಸಣ್ಣ ಮಾತಲ್ಲ. ಸುರಪುರದ ಕಡೆಯ ಮುದನೂರಿನವರು ಜೇಡರ ದಾಸಿಮಯ್ಯ. ಬಸವಣ್ಣನವರಿಗಿಂತ ಹಿಂದಿನವರು, ಕಸುಬು ನೇಯ್ಗೆ. ಮಗ್ಗದ ಮುಂದೆ ಕುಳಿತ ಮನುಷ್ಯ ಜನರಾಡುವ ಕನ್ನಡದಲ್ಲಿ ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ವಿಚಾರ ಮಾಡಿದರು. ಮುಂದೆ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಬಂದರು. ಇವರ ಹೆಸರಿನಲ್ಲೇ ಕಸುಬಿದೆ. ಕಸುಬು ಮಾಡುವವರಿಗೂ ಜ್ಞಾನ ಇದೆ, ಅದು ನಮ್ಮ ಮಾತಿನಲ್ಲೇ ಇದೆ ಎಂದು ಅವರು ತೋರಿಸಿಕೊಟ್ಟರು. ಸಮುದಾಯ ಕಾಲೇಜಿನ ಮೂರನೇ ಗುರಿ ಇದೇ ಅಲ್ಲವೇ? ಅವರಿಗೆ ಕಟ್ಟಡವೂ ಸರ್ಟಿಫಿಕೇಟೂ ಇರಲಿಲ್ಲ ಅಷ್ಟೆ.

ಐಗಳ ಮಠ, ಸರ್ಕಾರಿ ಉರ್ದು

ನಮ್ಮ ಊರಿನ ಹೆಸರಿನೊಳಗೇ ‘ಮಠ’ ಎಂಬ ಮಾತಿದೆ. ಉತ್ತರ ಕರ್ನಾಟಕದ ಹಿರಿಯರಿಗೆ ಸಾಲಿಗೆ ಹೋಗುವುದೆಂದರೆ ‘ಐಗಳ ಮಠಕ್ಕೆ’ ಹೋಗುವುದು. ಗುಡಿಯ ಪಡಸಾಲೆಯಲ್ಲೋ ಗೌಡರ ಕಟ್ಟೆಯ ಮೇಲೋ ಐಗಳು ಕೂರುತ್ತಿದ್ದರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ಮಗ್ಗಿ, ಲೆಕ್ಕ, ಒಂದಿಷ್ಟು ಪದ್ಯ, ಕಾಗದ ಬರೆಯುವುದು. ಐಗಳಿಗೆ ಸಂಬಳ ಅಂದರೆ ಸುಗ್ಗಿಯಲ್ಲಿ ಜೋಳ, ಹಬ್ಬದಲ್ಲಿ ಧೋತರ. ಊರೇ ಸಾಕುತ್ತಿದ್ದ ಶಾಲೆ ಅದು. ಹತ್ತಿರ ಇತ್ತು, ಖರ್ಚು ಕಡಿಮೆ ಇತ್ತು. ಆದರೆ ಊರ ಹೊರಗಿನ ಕೇರಿಯ ಮಕ್ಕಳಿಗೆ ಅಲ್ಲೂ ಜಾಗ ಇರಲಿಲ್ಲ, ಮೇಲಕ್ಕೆ ಹೋಗುವ ದಾರಿಯೂ ಇರಲಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಎಲ್ಲವೂ ಹೈದರಾಬಾದ್ ಸಂಸ್ಥಾನದ ಭಾಗ. ಸುರಪುರಕ್ಕೆ ತನ್ನದೇ ನಾಯಕರ ಮನೆತನ ಇತ್ತು. 1858ರ ರಾಜಾ ವೆಂಕಟಪ್ಪ ನಾಯಕನ ಬಂಡಾಯದ ಬಳಿಕ ಅದೂ ನಿಜಾಮರಿಗೆ ಸೇರಿತು. ಕಚೇರಿಯ ಭಾಷೆ ಮೊದಲು ಪಾರ್ಸಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಉರ್ದು. ತಹಸೀಲ್ದಾರ, ಅರ್ಜಿ, ದಸ್ತಾವೇಜು, ಜಮೀನು, ಫಸಲು ಎಂದು ನಾವು ಇಂದಿಗೂ ಆಡುವ ಮಾತುಗಳಿಗೆ ಆ ಕಚೇರಿಯ ವಾಸನೆ ಇದೆ.

1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಇದನ್ನು ನಾವು ನ್ಯಾಯವಾಗಿ ನೋಡಬೇಕು. ಇಂಗ್ಲಿಷ್ ಬಿಟ್ಟರೆ ದೊಡ್ಡ ಓದು ಸಾಧ್ಯವಿಲ್ಲ ಎಂದು ದೇಶವೆಲ್ಲ ನಂಬಿದ್ದ ಕಾಲದಲ್ಲಿ ಅದು ಉರ್ದುವಿನಲ್ಲಿ ಇತಿಹಾಸ, ವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್ ಕಲಿಸಿ ತೋರಿಸಿತು. ಪಠ್ಯಪುಸ್ತಕಗಳನ್ನು ಉರ್ದುವಿಗೆ ತರುವುದಕ್ಕೆಂದೇ ದೊಡ್ಡ ಅನುವಾದ ಕಚೇರಿ ಇತ್ತು. ಭಾರತದ ಭಾಷೆಯಲ್ಲಿ ಯಾವ ವಿದ್ಯೆಯನ್ನಾದರೂ ಕಲಿಸಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಸಂಸ್ಥಾನದ ಹೆಚ್ಚಿನ ಜನ ಮನೆಯಲ್ಲಿ ಆಡುತ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ಗುರುಮಠಕಲ್‌ನ ರೈತನ ಮಗ ಆ ಬಾಗಿಲು ಮುಟ್ಟಬೇಕಾದರೆ ಮೊದಲು ಬೇರೊಂದು ಭಾಷೆ ಕಲಿಯಬೇಕು, ಆಮೇಲೆ ಹೈದರಾಬಾದಿಗೆ ಹೋಗಬೇಕು, ಅಲ್ಲಿ ಉಳಿಯಲು ದುಡ್ಡು ಬೇಕು. ಮೂರು ಗೋಡೆ. ಖಾಸಗಿಯಾಗಿ ಕನ್ನಡ ಶಾಲೆ ತೆರೆಯೋಣ ಎಂದರೆ ಅದಕ್ಕೂ ಸರ್ಕಾರದ ಅನುಮತಿ ಬೇಕು.

ಆ ಗೋಡೆಗಳ ನಡುವೆಯೇ ಜನ ಕೆಲಸ ಮಾಡಿದರು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಶುರುವಾಯಿತು. 1934ರಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ವಿದ್ಯಾವರ್ಧಕ ಸಂಘ ಕಟ್ಟಿದರು. ದಾಸೋಹದ ಮಠ ಅನ್ನದ ಜೊತೆ ಅಕ್ಷರವನ್ನೂ ಬಡಿಸಲು ಹೊರಟಿತು.

ದೂರ ಕಡಿಮೆಯಾಗುತ್ತ ಬಂದ ಕಥೆ

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಚೇರಿಯ ಭಾಷೆ ನಮ್ಮದಾಯಿತು. ಒಂದು ಗೋಡೆ ಬಿತ್ತು.

ಈಗ ಎರಡನೇ ಗೋಡೆ, ದೂರ. ಹೈದರಾಬಾದಿನ ವಿಶ್ವವಿದ್ಯಾಲಯ ಹೋಗಿ ಧಾರವಾಡದ್ದು ಬಂತು. ನಮ್ಮ ಭಾಗದ ಕಾಲೇಜುಗಳೆಲ್ಲ ಕರ್ನಾಟಕ ವಿಶ್ವವಿದ್ಯಾಲಯದ ಅಡಿಗೆ ಹೋದವು. ಗುರುಮಠಕಲ್‌ನವರಿಗೆ ಧಾರವಾಡ ಹೈದರಾಬಾದಿಗಿಂತ ದೂರ. 1958ರಲ್ಲಿ ಮಹಾದೇವಪ್ಪ ರಾಂಪೂರೆ ಅವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ವರ್ಷ ಕಲಬುರಗಿಗೆ ಎಂಜಿನಿಯರಿಂಗ್ ಕಾಲೇಜು ಬಂತು, 1963ರಲ್ಲಿ ವೈದ್ಯಕೀಯ ಕಾಲೇಜು ಬಂತು. 1970ರಲ್ಲಿ ಧಾರವಾಡದ ವಿಶ್ವವಿದ್ಯಾಲಯ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಗುರುಮಠಕಲ್ ಒಂದು. ಈಗ ಯಾದಗಿರಿ ಜಿಲ್ಲೆಯ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪದವಿ ಓದಲು ಗುರುಮಠಕಲ್ ಬಿಟ್ಟು ಹೋಗಲೇಬೇಕು ಎಂಬ ಕಾಲ ಮುಗಿದಿದೆ. ನೂರು ವರ್ಷದಲ್ಲಿ ಕಾಲೇಜು ಹೈದರಾಬಾದಿನಿಂದ ನಡೆಯುತ್ತ ನಡೆಯುತ್ತ ನಮ್ಮ ಬಸ್ ಸ್ಟ್ಯಾಂಡಿನವರೆಗೆ ಬಂದಿದೆ. ಇದಕ್ಕಾಗಿ ದುಡಿದವರಿಗೆ ನಾವು ಋಣಿಗಳು.

ಈ ನಡುವೆ ನಮ್ಮ ಊರಿಗೆ ಇನ್ನೊಂದು ನಂಟೂ ಇದೆ. ನೂತನ ವಿದ್ಯಾಲಯದಲ್ಲಿ ಓದಿದ ಮಲ್ಲಿಕಾರ್ಜುನ ಖರ್ಗೆ ಅವರು 1972ರಲ್ಲಿ ಮೊದಲ ಸಲ ವಿಧಾನಸಭೆಗೆ ಹೋದದ್ದು ಗುರುಮಠಕಲ್‌ನಿಂದ. ಇಲ್ಲಿಂದಲೇ ಸತತ ಎಂಟು ಸಲ ಗೆದ್ದರು. ಅವರ ಪಕ್ಷ, ರಾಜಕೀಯದ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು. ಆದರೆ 1907ರಲ್ಲಿ ಯಾರೋ ತೆರೆದ ಶಾಲೆಯ ಬಾಗಿಲು ದಲಿತ ಕುಟುಂಬದ ಒಬ್ಬ ಹುಡುಗನಿಗೆ ತೆರೆದುಕೊಂಡದ್ದರಿಂದ ಏನಾಯಿತು ಎಂಬುದನ್ನು ನಾಗಾವಿಯ ಪಕ್ಕದಲ್ಲಿಟ್ಟು ನೋಡಿ. ಬಾಗಿಲು ಅಗಲವಾಗುವುದೆಂದರೆ ಇದು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮಾನತೆಯ ವರದಿ ಕೊಟ್ಟಿತು. ರಾಜ್ಯದ 39 ತಾಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂತು. ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲಾಯಿತು.

ಸೀಟು ಬಂತು. ಸೀಟಿನವರೆಗೆ ಬರುವ ಮಕ್ಕಳೆಷ್ಟು? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕೊನೆ. ರಾಜ್ಯದ ಸರಾಸರಿ ಶೇ. 75ರ ಮೇಲಿತ್ತು. ಹೆಣ್ಣುಮಕ್ಕಳ ಲೆಕ್ಕ ಶೇ. 41ರ ಆಸುಪಾಸು. ನೂರು ಹೆಣ್ಣುಮಕ್ಕಳಲ್ಲಿ ಸುಮಾರು ಅರವತ್ತು ಮಂದಿಗೆ ಓದು ಬರಹ ಇಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಯಾದಗಿರಿ ರಾಜ್ಯಕ್ಕೆ ಕೊನೆ, ಶೇ. 50.59. ಪರೀಕ್ಷೆ ಬರೆದ ಹೆಚ್ಚುಕಡಿಮೆ ಅರ್ಧ ಮಕ್ಕಳು ಮೊದಲ ಪರೀಕ್ಷೆಯಲ್ಲಿ ದಾಟಲಿಲ್ಲ.

ಆ ಅರ್ಧ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂದು ನಮಗೂ ಗೊತ್ತು, ನಿಮಗೂ ಗೊತ್ತು. ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಯ ಬಸ್ಸು ರೈಲು ಹತ್ತುತ್ತಾರೆ. ಕಟ್ಟಡದ ಮೇಲೆ ಬುಟ್ಟಿ ಹೊರುತ್ತಾರೆ. ಹುಡುಗಿಯರಾದರೆ ಮದುವೆ. ಕಾಲೇಜು ಬಸ್ ಸ್ಟ್ಯಾಂಡಿನ ಹತ್ತಿರಕ್ಕೆ ಬಂದಿದೆ, ಇವರು ಅದೇ ಬಸ್ ಸ್ಟ್ಯಾಂಡಿನಿಂದ ಗುಳೆ ಹೋಗುತ್ತಾರೆ.

ದೂರವೇ ಗೋಡೆ ಎಂದುಕೊಂಡಿದ್ದೆವು. ದೂರ ಕರಗಿದ ಮೇಲೆ ಗೊತ್ತಾಯಿತು, ಹಿಂದೆ ಇನ್ನೊಂದು ಗೋಡೆ ಇದೆ. ಸಮುದಾಯ ಕಾಲೇಜಿನ ಮಾತು ಶುರುವಾಗುವುದು ಆ ಗೋಡೆಯ ಹತ್ತಿರ.

ನಮಗೆ ತಲುಪದ ಒಂದು ಪ್ರಯೋಗ

ನಮ್ಮ ರಾಜ್ಯಕ್ಕೆ ಈ ವಿಚಾರ ಹೊಸದಲ್ಲ. ಡೆನ್ಮಾರ್ಕ್ ದೇಶದಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿ ರೈತರಿಗಾಗಿ ಬೇರೆಯದೇ ಶಾಲೆ ಬೇಕೆಂದು ವಾದಿಸಿದರು. 1844ರಲ್ಲಿ ರೋಡಿಂಗ್ ಎಂಬಲ್ಲಿ ಮೊದಲ ಜನತಾ ಶಾಲೆ ಶುರುವಾಯಿತು. ಪರೀಕ್ಷೆ ಇಲ್ಲ, ಪದವಿ ಇಲ್ಲ. ಸುಗ್ಗಿ ಮುಗಿದ ಮೇಲೆ ರೈತರ ಮಕ್ಕಳು ಕೆಲವು ತಿಂಗಳು ಅಲ್ಲೇ ಉಳಿದು ತಮ್ಮ ಭಾಷೆ, ತಮ್ಮ ಚರಿತ್ರೆ, ಕಾನೂನು, ಬೇಸಾಯ ಕಲಿತು ಊರಿಗೆ ಮರಳುತ್ತಿದ್ದರು. ಆ ದೇಶದ ಹಾಲಿನ ಸಹಕಾರ ಸಂಘಗಳು ಬೆಳೆಯಲು ಈ ಶಾಲೆಗಳಲ್ಲಿ ಓದಿದ ರೈತರು ದೊಡ್ಡ ಕಾರಣ ಎನ್ನುತ್ತಾರೆ.

ಇದೇ ಮಾದರಿಯಲ್ಲಿ ಹಳೆ ಮೈಸೂರು ಸೀಮೆಯಲ್ಲಿ 1940ರ ದಶಕದಲ್ಲಿ ‘ವಿದ್ಯಾಪೀಠ’ಗಳು ಶುರುವಾದವು. ವಯಸ್ಕರ ಶಿಕ್ಷಣ ಸಮಿತಿ ನಡೆಸುತ್ತಿದ್ದ ಈ ವಿದ್ಯಾಪೀಠಗಳಲ್ಲಿ ನಂಜನಗೂಡಿನದು ಹೆಸರಾದದ್ದು. ಹಳ್ಳಿಯ ಯುವಕರು ಅಲ್ಲೇ ಉಳಿದು ಬೇಸಾಯ, ಕಸುಬು, ಊರ ಆಡಳಿತ ಕಲಿಯುತ್ತಿದ್ದರು. ಆ ಹೊತ್ತಿಗೆ ನಮ್ಮ ಕಡೆ ಕನ್ನಡ ಶಾಲೆಗೇ ಅನುಮತಿ ಕೇಳಬೇಕಾಗಿತ್ತು. ಒಂದೇ ಭಾಷೆ ಆಡುವ ಎರಡು ಸೀಮೆಗಳು ಎಷ್ಟು ಬೇರೆ ದಾರಿಯಲ್ಲಿ ನಡೆದವು ಎಂಬುದಕ್ಕೆ ಇದೊಂದು ಉದಾಹರಣೆ.

ಸ್ವಾತಂತ್ರ್ಯ ಬಂದ ಮೇಲೆ 1948–49ರ ರಾಧಾಕೃಷ್ಣನ್ ಆಯೋಗ ಹಳ್ಳಿಗಳಿಗೆಂದೇ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕು ಎಂದಿತು. ತಮಿಳುನಾಡಿನ ಗಾಂಧಿಗ್ರಾಮದಲ್ಲಿ 1956ರಲ್ಲಿ ಗ್ರಾಮೀಣ ಸಂಸ್ಥೆ ಶುರುವಾಯಿತು. 1967ರಲ್ಲಿ ಮುಂಬೈಯಲ್ಲಿ ಗಿರಣಿ ಕಾರ್ಮಿಕರಿಗಾಗಿ ಶ್ರಮಿಕ ವಿದ್ಯಾಪೀಠ ಬಂತು. ಅದೇ ಮುಂದೆ ಜನ ಶಿಕ್ಷಣ ಸಂಸ್ಥೆಯಾಗಿ ಜಿಲ್ಲೆ ಜಿಲ್ಲೆಗೆ ಹಬ್ಬಿತು. 1978–79ರಲ್ಲಿ ಪಾಲಿಟೆಕ್ನಿಕ್‌ಗಳು ಸುತ್ತಲಿನ ಹಳ್ಳಿಗಳಿಗೆ ಕಸುಬು ಕಲಿಸಲಿ ಎಂದು ಸಮುದಾಯ ಪಾಲಿಟೆಕ್ನಿಕ್ ಯೋಜನೆ ಬಂತು. ಅಂದರೆ ಹತ್ತು ಹತ್ತು ವರ್ಷಕ್ಕೊಮ್ಮೆ ದೇಶಕ್ಕೆ ಈ ಮಾತು ನೆನಪಾಗುತ್ತದೆ, ಹೊಸ ಹೆಸರಿನಲ್ಲಿ ಬರುತ್ತದೆ.

ಸಮುದಾಯ ಕಾಲೇಜು ಎಂಬ ಹೆಸರಿನಲ್ಲೇ ಬಂದದ್ದು 1995ರಲ್ಲಿ ಪಾಂಡಿಚೇರಿಯಲ್ಲಿ. ಆಮೇಲೆ ತಮಿಳುನಾಡಿನಲ್ಲಿ ಹಲವು ಸಂಸ್ಥೆಗಳು ಕೊಳೆಗೇರಿಯ, ಹಳ್ಳಿಯ, ಓದು ಬಿಟ್ಟ ಮಕ್ಕಳಿಗಾಗಿ ಇಂಥ ಕಾಲೇಜು ನಡೆಸಿದವು. 2009ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ದೇಶದ ತುಂಬ ಯೋಜನೆ ತಂದಿತು, ಕೆಲವೇ ವರ್ಷಗಳಲ್ಲಿ ಅದು ನಿಂತಿತು. ಆಮೇಲೆ 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಈಗಿರುವ ಕಾಲೇಜುಗಳಲ್ಲೇ ಸಮುದಾಯ ಕಾಲೇಜು ನಡೆಸಲು ಹಣ ಕೊಟ್ಟಿತು.

ಯುಜಿಸಿ ಕಾಗದದಲ್ಲಿ ಗುರಿಗಳು ಚೆನ್ನಾಗಿಯೇ ಇವೆ. ಪಾಠದ ಹೆಚ್ಚಿನ ಪಾಲು ಕೈಕೆಲಸ, ಉಳಿದದ್ದು ಸಾಮಾನ್ಯ ಓದು. ಸ್ಥಳೀಯ ಉದ್ದಿಮೆಗಳ ಜೊತೆ ಕೂತು ಕೋರ್ಸು ತೀರ್ಮಾನ. ಮನೆತನದಿಂದ ಬಂದ ಕಸುಬು, ದುಡಿಯುತ್ತ ಕಲಿತ ಕಸುಬು ಇದ್ದವರಿಗೆ ವಯಸ್ಸು ನೋಡದೆ ಪರೀಕ್ಷಿಸಿ ಸರ್ಟಿಫಿಕೇಟ್. ಜೀವನಪೂರ್ತಿ ಕಲಿಯಲು ಅವಕಾಶ. ಮುಂದೆ ಪದವಿಗೆ ಹೋಗುವ ದಾರಿ.

ಆದರೆ ನಡೆದದ್ದು? ಬಾಗಿಲು ಹೆಚ್ಚಾಗಿ ಪಿಯುಸಿ ಮುಗಿಸಿದವರಿಗೇ ತೆರೆದುಕೊಂಡಿತು. ಯಾರಿಗಾಗಿ ಈ ವಿಚಾರ ಹುಟ್ಟಿತೋ ಅವರು, ಹತ್ತನೇ ಕ್ಲಾಸಿನಲ್ಲಿ ಬಿದ್ದವರು, ಹೊರಗೇ ಉಳಿದರು. ಯೋಜನೆಗೆ ಒಂದು ಪಂಚವಾರ್ಷಿಕದ ಹಣ. 2017ರ ಮಾರ್ಚ್‌ಗೆ 12ನೇ ಯೋಜನೆ ಮುಗಿಯಿತು. ನಾಗಾವಿಗೆ ಬರೆದುಕೊಟ್ಟ ಭೂಮಿಯಂಥ ಕಾಯಂ ಆಸರೆ ಇದಕ್ಕೆ ಇರಲಿಲ್ಲ. ಸಾವಿರ ವರ್ಷದ ಹಿಂದಿನವರಿಗೆ ಗೊತ್ತಿದ್ದ ಸಣ್ಣ ಸಂಗತಿ ಇದು. ಶಾಲೆ ತೆರೆಯುವುದು ಸುಲಭ, ಅದರ ದೀಪಕ್ಕೆ ವರ್ಷ ವರ್ಷ ಎಣ್ಣೆ ಹಾಕುವುದು ಕಷ್ಟ.

ಗುರುಮಠಕಲ್‌ಗೆ ಒಂದು ಬಂದರೆ

ಇಷ್ಟೆಲ್ಲ ಚರಿತ್ರೆ ನೋಡಿದ ಮೇಲೆ ನಮ್ಮ ಸೀಮೆಗೆ ಬರೋಣ. ಇಲ್ಲಿ ಸಮುದಾಯ ಕಾಲೇಜು ಬಂದರೆ ಏನು ಕಲಿಸಬೇಕು? ಬೆಂಗಳೂರಿನಲ್ಲಿ ಕೂತು ಪಟ್ಟಿ ಮಾಡಿದರೆ ಬ್ಯೂಟಿ ಪಾರ್ಲರ್, ಕಂಪ್ಯೂಟರ್ ಬೇಸಿಕ್, ರಿಟೇಲ್ ಎಂದು ಬರುತ್ತದೆ. ಅವೂ ಬೇಡ ಎನ್ನುತ್ತಿಲ್ಲ. ಆದರೆ ಗುರುಮಠಕಲ್‌ನ ಸಂತೆಯಲ್ಲಿ ನಿಂತು ಪಟ್ಟಿ ಮಾಡಿದರೆ ಬೇರೆಯದೇ ಬರುತ್ತದೆ.

ಮೊದಲು ಹೊಲ. ಸುರಪುರ, ಶಹಾಪುರದ ಕಡೆ ನಾರಾಯಣಪುರ ಡ್ಯಾಮಿನ ನೀರಿದೆ, ಕಾಲುವೆ ಇದೆ, ಭತ್ತ ಇದೆ. ನಮ್ಮ ಕಡೆ ಹೆಚ್ಚಿನದು ಮಳೆ ನಂಬಿದ ಹೊಲ, ಇಲ್ಲವೇ ಬೋರು. ಬೋರಿನ ಮೋಟಾರು ಸುಟ್ಟರೆ ರಿವೈಂಡಿಂಗ್‌ಗೆ ಪೇಟೆಗೆ ಹೊರಬೇಕು. ಮೋಟಾರು ರಿಪೇರಿ, ಹನಿ ನೀರಾವರಿ ಜೋಡಣೆ, ಟ್ರ್ಯಾಕ್ಟರ್ ರಿಪೇರಿ, ಮಣ್ಣಿನ ಪರೀಕ್ಷೆ ಕಲಿತ ಹುಡುಗನಿಗೆ ಊರಿನಲ್ಲೇ ಕೆಲಸ ಇದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಬೆಳೆದವರು ಕಾಳು ಮಾರುತ್ತಾರೆ, ಬೇಳೆ ಮಾಡಿ ಚೀಲಕ್ಕೆ ಹೆಸರು ಹಚ್ಚಿದವರು ಲಾಭ ಮಾಡುತ್ತಾರೆ. ಬೇಳೆ ಮಾಡುವುದು, ತೂಕ, ಪ್ಯಾಕಿಂಗ್, ಲೆಕ್ಕ, ಸಂಘದ ನೋಂದಣಿ, ಇವೂ ಪಾಠವೇ.

ಆಮೇಲೆ ಕಾರ್ಖಾನೆ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ನಮ್ಮ ರೈತರ ಸಾವಿರಾರು ಎಕರೆ ಭೂಮಿ ಹೋಗಿದೆ. ರೈಲ್ವೆ ಬೋಗಿಗಳ ಕಾರ್ಖಾನೆ ಬಂದಿದೆ, ಔಷಧಿ, ರಾಸಾಯನಿಕ ಘಟಕಗಳು ಬಂದಿವೆ. ಭೂಮಿ ಕೊಟ್ಟ ಮನೆಯ ಮಗ ಅಲ್ಲಿ ಏನಾಗಬಲ್ಲ? ವೆಲ್ಡಿಂಗ್, ಫಿಟ್ಟಿಂಗ್, ಪ್ರಯೋಗಾಲಯದ ಕೆಲಸ ಕಲಿತಿದ್ದರೆ ಒಂದು ದಾರಿ. ಕಲಿಯದಿದ್ದರೆ ಗೇಟಿನ ಹತ್ತಿರವೇ ನಿಲ್ಲಬೇಕು. ಅಲ್ಲಿನ ನೀರು, ಗಾಳಿಯ ಬಗ್ಗೆ ಸುತ್ತಲಿನ ಹಳ್ಳಿಯವರಿಗೆ ಆತಂಕ ಇದೆ. ನೀರಿನ ಸ್ಯಾಂಪಲ್ ಹೇಗೆ ತೆಗೆಯಬೇಕು, ಯಾರಿಗೆ ಅರ್ಜಿ ಕೊಡಬೇಕು, ವರದಿ ಹೇಗೆ ಓದಬೇಕು ಎಂದು ಊರವರಿಗೆ ಕಲಿಸುವುದೂ ಸಮುದಾಯ ಕಾಲೇಜಿನ ಕೆಲಸವೇ ಎಂದು ನಮ್ಮ ಅಭಿಪ್ರಾಯ. ಕಾರ್ಖಾನೆಗೆ ಕೂಲಿ ತಯಾರು ಮಾಡುವುದಷ್ಟೇ ಅದರ ಗುರಿಯಾದರೆ ‘ಸಮುದಾಯ’ ಎಂಬ ಮಾತು ತೆಗೆದುಹಾಕಬಹುದು.

ಕಲಿಸುವವರು ಯಾರು ಎಂದು ಕೇಳಬಹುದು. ತಾಂಡಾಗಳಲ್ಲಿ ಕಸೂತಿ ಗೊತ್ತಿರುವ ಲಂಬಾಣಿ ಅವ್ವಂದಿರಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಗುರುತು ಸಿಕ್ಕಿದೆ, ನಮ್ಮ ತಾಂಡಾದ ಕೈಗಳೂ ಅದೇ ವಿದ್ಯೆ ಬಲ್ಲವು. ಸುರಪುರದಲ್ಲಿ ಗರುಡಾದ್ರಿ ಮನೆತನದವರು ತಲೆಮಾರುಗಳಿಂದ ಚಿತ್ರ ಬರೆದರು, ಆ ಶೈಲಿಗೆ ಸುರಪುರದ ಹೆಸರೇ ಇದೆ. ಗಡಿ ದಾಟಿದರೆ ನಾರಾಯಣಪೇಟ, ಅಲ್ಲಿನ ಕೈಮಗ್ಗದ ಸೀರೆ ದೇಶಕ್ಕೆಲ್ಲ ಗೊತ್ತು. ಇವರಿಗೆ ಬಿ.ಎ. ಇಲ್ಲ ಎಂದು ಕಾಲೇಜಿನಲ್ಲಿ ಪಾಠ ಮಾಡಲು ಬರುವುದಿಲ್ಲ ಎಂದರೆ ದಾಸಿಮಯ್ಯನವರನ್ನೂ ಬಾಗಿಲಲ್ಲೇ ನಿಲ್ಲಿಸಿದಂತೆ.

ಮೂರನೆಯದು ಭಾಷೆ. ಗುರುಮಠಕಲ್‌ನ ಅಂಗಡಿಯಲ್ಲಿ ಒಂದೇ ವ್ಯಾಪಾರ ಕನ್ನಡ, ತೆಲುಗು, ಉರ್ದು, ಲಂಬಾಣಿಯಲ್ಲಿ ಮುಗಿಯುತ್ತದೆ. ನಾಲ್ಕು ಭಾಷೆ ಆಡುವ ಮಗು ಇಂಗ್ಲಿಷ್ ಬರಲಿಲ್ಲ ಎಂದು ದಡ್ಡ ಎನಿಸಿಕೊಳ್ಳುತ್ತದೆ. ಕನ್ನಡದಲ್ಲಿ ಪಾಠ ಹೇಳಿ, ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿಸಿದರೆ ಏನು ತೊಂದರೆ? ಒಂದು ಭಾರತೀಯ ಭಾಷೆಯಲ್ಲಿ ವೈದ್ಯಕೀಯವನ್ನೇ ಕಲಿಸಬಹುದು ಎಂದು ನಮ್ಮನ್ನಾಳಿದ ಹೈದರಾಬಾದೇ ತೋರಿಸಿದೆಯಲ್ಲ. ಹಳೆಯ ಉರ್ದು ಕಾಗದ ಓದಿ ಕನ್ನಡಕ್ಕೆ ಬರೆದುಕೊಡಲು ಆರು ತಿಂಗಳ ಒಂದು ಕೋರ್ಸು ನಡೆಸಿದರೆ, ಉರ್ದು ಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಮೂರ್ನಾಲ್ಕು ಜಿಲ್ಲೆಗಳಲ್ಲಿ ಕೆಲಸ ಇದೆ.

ನೀವು ಕೇಳಬಹುದಾದ ಐದು ಪ್ರಶ್ನೆ

ಬರೆದು ಸುಮ್ಮನಾಗುವುದು ನಮ್ಮ ಪದ್ಧತಿಯಲ್ಲ. ಸರ್ಕಾರಿ ಪದವಿ ಕಾಲೇಜುಗಳಿಗೆ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ, ಸಾಮಾನ್ಯವಾಗಿ ಸ್ಥಳೀಯ ಶಾಸಕರೇ ಅದರ ಅಧ್ಯಕ್ಷರು. ನಿಮ್ಮ ಊರಿಗೆ ಗ್ರಾಮಸಭೆ ಇದೆ. ಅಲ್ಲಿ ಈ ಪ್ರಶ್ನೆಗಳನ್ನು ಎತ್ತಿ.

1. ನಮ್ಮ ಕಾಲೇಜಿನಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳಿವೆಯೇ? ಅವನ್ನು ಯಾರನ್ನು ಕೇಳಿ ತೀರ್ಮಾನಿಸಿದರು?

2. ಎಸ್ಸೆಸ್ಸೆಲ್ಸಿ ದಾಟದ ಮಕ್ಕಳಿಗೆ ಯಾವ ದಾರಿ ಇದೆ? ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಪರೀಕ್ಷೆ ಕಟ್ಟಬಹುದು ಎಂದು ಅವರಿಗೆ ಹೇಳುವವರು ಯಾರು?

3. ಸಂಜೆ ಆರರ ಮೇಲೆ, ಸುಗ್ಗಿ ಮುಗಿದ ತಿಂಗಳುಗಳಲ್ಲಿ ಕಾಲೇಜಿನ ಕೋಣೆಗಳು ಬೀಗ ಹಾಕಿಕೊಂಡು ಇರುವುದೇಕೆ? ಕೂಲಿ ಮಾಡುವವರು ಹಗಲು ಬರಲಾರರು.

4. ಹತ್ತಿಪ್ಪತ್ತು ವರ್ಷ ಮೇಸ್ತ್ರಿ, ವೆಲ್ಡರ್, ದರ್ಜಿ ಕೆಲಸ ಮಾಡಿದವರಿಗೆ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಕೌಶಲ ಯೋಜನೆಗಳಲ್ಲಿದೆ. ನಮ್ಮ ತಾಲೂಕಿನಲ್ಲಿ ಅದು ಎಲ್ಲಿ ನಡೆಯುತ್ತದೆ?

5. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಹಣದಲ್ಲಿ ಕಟ್ಟಡ ಬರುತ್ತದೆ. ಕಲಿಸುವವರ ಸಂಬಳ, ಯಂತ್ರ, ಪುಸ್ತಕಕ್ಕೆ ವರ್ಷ ವರ್ಷ ಹಣ ಎಲ್ಲಿಂದ?

ಮೊದಲ ನಾಲ್ಕಕ್ಕೆ ಉತ್ತರ ಸಿಗದಿದ್ದರೂ ಐದನೆಯದನ್ನು ಬಿಡಬೇಡಿ. ಹಣದ ಮಾತು ಬಂದಾಗಲೇ ಕಚೇರಿಗಳು ಕಾಗದ ತೆಗೆಯುತ್ತವೆ. ಆ ಕಾಗದ ಈಗ ಕನ್ನಡದಲ್ಲಿದೆ. ಓದಲು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಓದಿ, ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಅಕ್ಷರ ಬಾರದ ಅವ್ವನೋ ಅತ್ತಿಯೋ ಇದ್ದರೆ ಅವರಿಗೂ ಓದಿ ಹೇಳಿ. ಗ್ರಾಮಸಭೆಯಲ್ಲಿ ಅವರದ್ದೂ ಒಂದು ಕೈ ಮೇಲೇಳಲಿ.